ತಾತನ ಆಲೆಮನೆಯ ಲಿಸ್ಟರ್ ಇಂಜಿನ್ ಜಾಮ್ ಆಗಿದೆ, ಬಿಡಿಸುವುದು ಹೇಗೆ?

ಪಾಂಡವಪುರದವ

ಎಲ್ಲರಿಗೂ ನಮಸ್ಕಾರ. ನಮ್ಮದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ತಾತ ಆಲೆಮನೆ ನಡೆಸುತ್ತಿದ್ದರು. ಗಾಣ ತಿರುಗಿಸುವುದಕ್ಕೆ ಒಂದು ಆಯಿಲ್ ಇಂಜಿನ್ ಇತ್ತು. ಕರೆಂಟ್ ಮೋಟರ್ ಬಂದ ಮೇಲೆ ಅದನ್ನು ಯಾರೂ ಮುಟ್ಟಿಲ್ಲ, ಇಪ್ಪತ್ತೈದು ವರ್ಷವಂತೂ ಆಗಿದೆ. ಈಗ ಆ ಶೆಡ್ಡಿನ ಹೆಂಚು ಬೀಳುತ್ತಿದೆ, ಕೆಡವಲೇಬೇಕು. ಗುಜರಿಯವರು ಬಂದು ನೋಡಿಕೊಂಡು ಹೋದರು, ತೂಕದ ಲೆಕ್ಕದಲ್ಲಿ ತಗೋತಾರಂತೆ. ಅಪ್ಪ ಕೊಟ್ಟುಬಿಡೋಣ ಅನ್ನುತ್ತಾರೆ. ನನಗೆ ಮನಸ್ಸಿಲ್ಲ.

ಚಿಕ್ಕವನಿದ್ದಾಗ ಕಬ್ಬು ಅರೆಯುವ ದಿನ ಬೆಳಗಿನ ಜಾವ ಇದರ ಡಗ್ ಡಗ್ ಸದ್ದಿಗೇ ಎಚ್ಚರ ಆಗುತ್ತಿತ್ತು. ಗಾಣಕ್ಕೆ ಕಬ್ಬು ಜಾಸ್ತಿ ಕೊಟ್ಟರೆ ಆ ಸದ್ದು ದಪ್ಪ ಆಗುತ್ತಿತ್ತು, ತಾತ ಕೊಪ್ಪರಿಗೆ ಹತ್ತಿರ ನಿಂತುಕೊಂಡೇ ಅದನ್ನು ಕೇಳಿ, ಕಮ್ಮಿ ಕೊಡ್ರೋ ಅಂತ ಕೂಗುತ್ತಿದ್ದರು. ಮತ್ತೆ ಒಂದು ಸಲ ಅದು ಓಡುವುದನ್ನು ನೋಡಬೇಕು ಅನ್ನುವುದಷ್ಟೇ ನನ್ನ ಆಸೆ.

ಧೂಳು ಒರೆಸಿ ನೋಡಿದೆ. ಹಿತ್ತಾಳೆ ಪ್ಲೇಟಿನ ಮೇಲೆ ಲಿಸ್ಟರ್, ಡರ್ಸ್ಲಿ, ಇಂಗ್ಲೆಂಡ್ ಅಂತ ಇದೆ. 6/1 ಅಂತಲೂ 650 ಅಂತಲೂ ಓದಬಹುದು. ಎರಡು ಕಡೆ ದೊಡ್ಡ ಚಕ್ರ. ಅಲುಗಾಡಿಸಿದರೆ ಒಂದು ನೂಲೂ ತಿರುಗುವುದಿಲ್ಲ. ಇನ್ನೊಂದು ವಿಷಯ, ಹೆಡ್ಡಿನ, ಅಂದರೆ ಸಿಲಿಂಡರಿನ ಮೇಲಿನ ಮುಚ್ಚಳದ, ಪಕ್ಕದಲ್ಲಿ ನಲ್ಲಿ ತಿರುಗಿಸುವ ಹಾಗೆ ಒಂದು ಚಿಕ್ಕ ಚಕ್ರ ಇದೆ. ಅದು ಏನು ಅಂತ ಅಪ್ಪನಿಗೂ ಸರಿಯಾಗಿ ನೆನಪಿಲ್ಲ. ಹ್ಯಾಂಡಲ್‌ಗೆ ಉದ್ದ ಪೈಪ್ ಹಾಕಿ ನಾಲ್ಕು ಜನ ಜಗ್ಗಿದರೆ ಬಿಡುತ್ತದೆ ಅಂತ ಪಕ್ಕದ ತೋಟದವರು ಹೇಳಿದರು. ಮಾಡಬಹುದಾ? ತಿಳಿದವರು ದಯವಿಟ್ಟು ಹೇಳಿ.

ಇಂಜಿನ್ ಮೇಸ್ತ್ರಿ, ರಾಣೆಬೆನ್ನೂರು

ತಮ್ಮಾ, ಮೊದಲು ಆ ಪೈಪ್ ಕೆಳಗಿಡು. ಜಗ್ಗಬೇಡ. ಒಳಗೆ ಪಿಸ್ಟನ್ ಹಿಡಿದಿರಬಹುದು, ಇಲ್ಲವೇ ಬರೀ ವಾಲ್ವ್ ಹಿಡಿದಿರಬಹುದು. ವಾಲ್ವ್ ಹಿಡಿದಿದ್ದಾಗ ಬಲ ಹಾಕಿ ತಿರುಗಿಸಿದರೆ ವಾಲ್ವ್ ಆಡಿಸುವ ಸರಳು, ಅದೇ ಪುಶ್‌ರಾಡ್, ಬಗ್ಗುತ್ತದೆ. ಹತ್ತು ನಿಮಿಷದ ಅವಸರಕ್ಕೆ ಎರಡು ತಿಂಗಳು ಸಾಮಾನು ಹುಡುಕಬೇಕಾಗುತ್ತದೆ.

ನಾನು ಆಯಿಲ್ ಇಂಜಿನ್ ಕೆಲಸ ಕಲಿತಿದ್ದೇ ಇಂಥ ದೊಡ್ಡ ಚಕ್ರದ ಇಂಜಿನ್‌ಗಳ ಮೇಲೆ. ನಿನ್ನ ಹತ್ತಿರ ಇರುವುದು ನಕಲಲ್ಲ, ಅಸಲಿ ಲಿಸ್ಟರ್. ಇಂಗ್ಲೆಂಡಿನ ಡರ್ಸ್ಲಿ ಅನ್ನುವ ಊರಲ್ಲಿ 1867ರಲ್ಲಿ ಶುರುವಾದ ಕಂಪನಿ ಅದು. ಈ ಸಿಎಸ್ ಮಾದರಿ 1930ರ ಸುಮಾರಿಗೆ ಬಂತು, 1987ರವರೆಗೂ ಅಲ್ಲಿ ಮಾಡುತ್ತಲೇ ಇದ್ದರು. 6/1 ಅಂದರೆ ಆರು ಎಚ್‌ಪಿ, ಒಂದು ಸಿಲಿಂಡರ್. 650 ಅಂದರೆ ನಿಮಿಷಕ್ಕೆ ಅಷ್ಟು ಸುತ್ತು. ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, ನಾಲ್ಕೂವರೆ ಇಂಚು; ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ, ಐದೂವರೆ ಇಂಚು. ಈಗ ಹೊಲದಲ್ಲಿ ಕಾಣುವ ಐದು ಎಚ್‌ಪಿ ಇಂಜಿನ್‌ಗಳು 1500 ಸುತ್ತು ಓಡುತ್ತವೆ. ಇದು ಅದರ ಅರ್ಧಕ್ಕಿಂತ ಕಮ್ಮಿ. ಅದಕ್ಕೇ ಬಾಳಿಕೆ ಜಾಸ್ತಿ, ಅದಕ್ಕೇ ಆ ನಿಧಾನದ ಡಗ್ ಡಗ್ ಸದ್ದು. ರಾಜಕೋಟ್‌ನಲ್ಲಿ ಇದೇ ಅಳತೆಯ ಇಂಜಿನ್‌ಗಳನ್ನು ಬೇಕಾದಷ್ಟು ಮಾಡಿದ್ದಾರೆ. ಅದು ನಿನ್ನ ಪುಣ್ಯ. ಗ್ಯಾಸ್ಕೆಟ್, ರಿಂಗ್, ಬೇರಿಂಗ್ ಎಲ್ಲಾ ಅಲ್ಲಿಂದ ತರಿಸಬಹುದು. ಆದರೆ ಬಂದ ಸಾಮಾನನ್ನು ಅಳತೆ ನೋಡದೆ ಹಾಕಬೇಡ, ಕೆಲವು ಕೂದಲೆಳೆ ಹೆಚ್ಚು ಕಮ್ಮಿ ಇರುತ್ತವೆ.

ಈಗ ಕೆಲಸ ಹೇಳುತ್ತೇನೆ. ಮೊದಲು ಅಡಿಯ ಆಯಿಲ್ ಬಿಡು. ಮೊದಲಿಗೆ ನೀರು ಬಂದರೆ ಗಾಬರಿ ಬೇಡ, ಇಷ್ಟು ವರ್ಷ ಮಳೆ ಬಿದ್ದ ಶೆಡ್ ಅದು. ಆಮೇಲೆ ಪಕ್ಕದ ಬಾಗಿಲು ತೆಗೆದು ಟಾರ್ಚ್ ಹಾಕಿ ನೋಡು. ಕ್ರ್ಯಾಂಕ್ ಮೇಲೆ ತುಕ್ಕು ಇದೆಯಾ, ಪಿಸ್ಟನ್ ರಾಡ್ ಕ್ರ್ಯಾಂಕ್ ಹಿಡಿಯುವ ತುದಿಯ (ಬಿಗ್ ಎಂಡ್) ಕೆಳಗೆ ಆಯಿಲ್ ಚಿಮ್ಮಿಸುವ ಚಮಚದ ಥರದ್ದು ಇರುತ್ತದೆ, ಅದು ಸರಿ ಇದೆಯಾ ನೋಡು. ಈ ಇಂಜಿನ್ನಿಗೆ ಆಯಿಲ್ ಫಿಲ್ಟರ್ ಇಲ್ಲ. ಕೊಳೆ ತಳದಲ್ಲಿ ಕೂತಿರುತ್ತದೆ. ಕೈ ಹಾಕಿ ಬಟ್ಟೆಯಲ್ಲಿ ಬಳಿದು ತೆಗೆ, ಹತ್ತಿ ವೇಸ್ಟ್ ಬೇಡ, ನೂಲು ಒಳಗೇ ಉಳಿಯುತ್ತದೆ.

ಆಮೇಲೆ ಮೇಲಿನ ಕವರ್ ತೆಗೆದು ಎರಡೂ ವಾಲ್ವ್ ಬಾಯಿಗೆ ಸೀಮೆಎಣ್ಣೆ ಬಿಟ್ಟು ಮರದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ನೋಡು. ಕೆಳಗೆ ಹೋಗಿ ತಾನಾಗೇ ಮೇಲೆ ಬರಬೇಕು. ಅವು ಆಡುತ್ತಿದ್ದರೂ ಚಕ್ರ ಹಂದದಿದ್ದರೆ ಪಿಸ್ಟನ್ನೇ ಹಿಡಿದಿದೆ. ಹಾಗಿದ್ದರೆ ಹೆಡ್ ಬಿಚ್ಚು. ಹೇಗೂ ಸಿಲಿಂಡರ್ ಒಳಗೆ ನೋಡಲೇಬೇಕು. ಪಿಸ್ಟನ್ ತಲೆಯ ಮೇಲೆ ಅರ್ಧ ಡೀಸೆಲ್, ಅರ್ಧ ಗೇರ್ ಆಯಿಲ್ ಕಲಸಿ ಒಂದು ಇಂಚು ನಿಲ್ಲುವಷ್ಟು ಸುರಿ. ಬಟ್ಟೆ ಮುಚ್ಚು. ದಿನಾ ನೋಡು, ಇಳಿದಿದ್ದರೆ ಮತ್ತೆ ಸುರಿ. ಒಂದು ವಾರ, ಹದಿನೈದು ದಿನ, ಎಷ್ಟು ಬೇಕೋ ಅಷ್ಟು.

ನಾನು ಹುಡುಗನಿದ್ದಾಗ ಹೀಗೇ ಹಿಡಿದ ಒಂದು ಪಿಸ್ಟನ್ ಮೇಲೆ ಕಬ್ಬಿಣದ ರಾಡ್ ಇಟ್ಟು ಹೊಡೆದಿದ್ದೆ. ಪಿಸ್ಟನ್ ತಲೆ ಒಡೆಯಿತು. ಆ ರೈತನ ಭತ್ತದ ಗದ್ದೆಗೆ ಒಂಬತ್ತು ದಿನ ನೀರಿರಲಿಲ್ಲ. ಅವರ ಮುಖ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಆಮೇಲೆ ಯಾವತ್ತೂ ಕಬ್ಬಿಣ ಇಟ್ಟಿಲ್ಲ. ಬೋರಿನಷ್ಟೇ ಅಗಲದ ಗಟ್ಟಿ ಮರದ ತುಂಡು ಮಾಡಿಸಿಕೋ, ಅದರ ಮೇಲೆ ತಟ್ಟು. ಜೊತೆಗೆ ಒಬ್ಬರು ಚಕ್ರ ಹಿಡಿದು ಹಿಂದೆ ಮುಂದೆ ತೂಗುತ್ತಿರಲಿ. ತೊಟ್ಟಿಲು ತೂಗಿದ ಹಾಗೆ. ಒಂದು ನೂಲು ಅಲುಗಿತು ಅಂದರೆ ಗೆದ್ದೆ ಅಂತಲೇ ತಿಳಿ.

ಇನ್ನು ಆ ಚಿಕ್ಕ ಚಕ್ರ. ಹೆಡ್ ಒಳಗೆ, ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಎದುರಿಗೆ, ಒಂದು ಸಣ್ಣ ಗೂಡು ಇದೆ. ಚಕ್ರವನ್ನು ಒಳಕ್ಕೆ ತಿರುಗಿಸಿದರೆ ಆ ಗೂಡಿನ ಒಂದು ಭಾಗ ಮುಚ್ಚುತ್ತದೆ. ಜಾಗ ಕಮ್ಮಿ ಆಗಿ ಕಂಪ್ರೆಷನ್ ಏರುತ್ತದೆ, ಗಾಳಿ ಜಾಸ್ತಿ ಕಾಯುತ್ತದೆ, ಚಳಿಯಲ್ಲೂ ಹ್ಯಾಂಡಲ್ ಹೊಡೆದರೆ ಹತ್ತಿಕೊಳ್ಳುತ್ತದೆ. ಇಂಜಿನ್ ಬಿಸಿ ಆಗಿ ಗಾಣದ ಭಾರ ಬಿದ್ದ ಮೇಲೆ ಹೊರಕ್ಕೆ ತಿರುಗಿಸಬೇಕು. ಭಾರ ಕಮ್ಮಿ ಇದ್ದರೆ ಒಳಗೇ ಇರಲಿ. ಸಿಎಸ್ ಅಂದರೆ ಕೋಲ್ಡ್ ಸ್ಟಾರ್ಟಿಂಗ್, ಆ ಹೆಸರು ಬಂದದ್ದೇ ಇದರಿಂದ. ಅದಕ್ಕೂ ಮೊದಲಿನ ಕೆಲವು ಆಯಿಲ್ ಇಂಜಿನ್‌ಗಳಿಗೆ ಬ್ಲೋಲ್ಯಾಂಪ್ ಹಚ್ಚಿ ತಲೆ ಕಾಯಿಸಿ, ಆಮೇಲೆ ಸ್ಟಾರ್ಟ್ ಮಾಡಬೇಕಿತ್ತು.

ಮಾರಬೇಡ ತಮ್ಮಾ. ಆ ದುಡ್ಡು ನಾಲ್ಕು ದಿನಕ್ಕೆ ಬರುವುದಿಲ್ಲ.

ತೆಂಗಿನ ತೋಟ, ಅರಸೀಕೆರೆ

ಮೇಸ್ತ್ರಿಗಳು ಹೇಳಿದ್ದೆಲ್ಲಾ ಸರಿ. ನಾನು ಸೇರಿಸುವುದು ನೀರಿನ ವಿಷಯ. ನಮ್ಮಲ್ಲಿ ಬಾವಿ ಹತ್ತಿರ ಇಂಜಿನ್ ಇತ್ತು. ಪಂಪಿನ ಡೆಲಿವರಿ ಪೈಪಿಗೇ ಒಂದು ಚಿಕ್ಕ ಟ್ಯೂಬ್ ಹಾಕಿ ಆ ತಣ್ಣೀರನ್ನೇ ಇಂಜಿನ್ನಿಗೆ ಬಿಡುತ್ತಿದ್ದರು. ಸುಲಭ ಅಲ್ವಾ, ಟ್ಯಾಂಕೂ ಬೇಡ. ನೀವೂ ಹಾಗೆ ಮಾಡಬಹುದು. ಮತ್ತೆ ಓಡಿಸುವ ಮೊದಲು ನೀರಿನ ಜಾಕೆಟ್ ಒಳಗೆ ಕೂತಿರುವ ಸುಣ್ಣ ತೆಗೆಯಿರಿ. ನಮ್ಮದನ್ನು ಬಿಚ್ಚಿದಾಗ ಒಳಗೆ ಬೆರಳು ಹೋಗುವಷ್ಟೂ ಜಾಗ ಇರಲಿಲ್ಲ, ಇಲ್ಲಿಯ ನೀರು ಅಷ್ಟು ಗಡಸು.

ಇಂಜಿನ್ ಮೇಸ್ತ್ರಿ, ರಾಣೆಬೆನ್ನೂರು

ಸುಣ್ಣದ ಮಾತು ಸರಿ. ತಣ್ಣೀರಿನ ಮಾತು ಒಪ್ಪುವುದಿಲ್ಲ ಅಣ್ಣ. ಎಲ್ಲರೂ ಹಾಗೇ ಮಾಡುತ್ತಿದ್ದರು ನಿಜ. ಬೋರ್ ಬೇಗ ಸವೆಯುತ್ತಿದ್ದುದೂ ಅದಕ್ಕೇ. ಯಾವಾಗಲೂ ತಣ್ಣಗಿರುವ ಸಿಲಿಂಡರಿನಲ್ಲಿ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಗೋಡೆಯ ಮೇಲಿನ ಆಯಿಲ್ ತೊಳೆದು ಕೆಳಗೆ ಇಳಿಯುತ್ತದೆ, ಹೊಗೆಯ ಜೊತೆ ಬರುವ ತೇವ ಸೇರಿ ಲೈನರ್ ತಿನ್ನುತ್ತದೆ. ಹಳೆಯ ಪದ್ಧತಿಯೇ ಚೆನ್ನ. ಪಕ್ಕದಲ್ಲಿ ಒಂದು ಡ್ರಮ್ ಸ್ವಲ್ಪ ಎತ್ತರಕ್ಕೆ ಇಡಬೇಕು. ಮೇಲಿನ ಪೈಪಿನಲ್ಲಿ ಬಿಸಿ ನೀರು ಡ್ರಮ್ಮಿಗೆ ಹೋಗುತ್ತದೆ, ಕೆಳಗಿನ ಪೈಪಿನಲ್ಲಿ ತಣ್ಣೀರು ಬರುತ್ತದೆ. ಪಂಪ್ ಬೇಕಿಲ್ಲ, ಬಿಸಿ ನೀರು ತಾನೇ ಮೇಲೇರುತ್ತದೆ. ಡ್ರಮ್ಮಿನ ನೀರು ಮೇಲಿನ ಪೈಪಿನ ಬಾಯಿಗಿಂತ ಕೆಳಗೆ ಇಳಿಯಬಾರದು, ಇಳಿದರೆ ಸುತ್ತು ನಿಂತುಹೋಗುತ್ತದೆ. ಆ ಮೇಲಿನ ಪೈಪ್ ಮುಟ್ಟಿದರೆ ಒಂದೆರಡು ಕ್ಷಣಕ್ಕಿಂತ ಹೆಚ್ಚು ಹಿಡಿಯಲಾಗಬಾರದು. ಅದೇ ಹದ.

ಶಿವಮೊಗ್ಗದವಳು, ಪಿಟ್ಸ್‌ಬರ್ಗ್

ಈ ಚರ್ಚೆ ಓದಿ ಬರೆಯದೇ ಇರಲಾಗಲಿಲ್ಲ. ನಾನಿರುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಇಲ್ಲಿಂದ ಸುಮಾರು ಎರಡು ಗಂಟೆ ದಾರಿಯಲ್ಲಿ ಕೂಲ್‌ಸ್ಪ್ರಿಂಗ್ ಅನ್ನುವ ಚಿಕ್ಕ ಊರಿದೆ. ಅಲ್ಲಿ 1985ರಲ್ಲಿ ಶುರುವಾದ ಹಳೆ ಇಂಜಿನ್‌ಗಳ ಮ್ಯೂಸಿಯಂ ಇದೆ. ಅಪ್ಪ ಬಂದಿದ್ದಾಗ ಜೂನ್ ತಿಂಗಳ ಮೇಳಕ್ಕೆ ಕರೆದುಕೊಂಡು ಹೋಗಿದ್ದೆ. ಅಪ್ಪ ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟಕ್ಕೆ ಇಂಜಿನ್ನಿನಲ್ಲೇ ನೀರು ಬಿಟ್ಟವರು. ಇಡೀ ದಿನ ಅಲ್ಲಿಂದ ಕದಲಲಿಲ್ಲ.

ಈ ಕಡೆಯ ಇಂಜಿನ್‌ಗಳು ಹೊಲದ್ದಷ್ಟೇ ಅಲ್ಲ, ಎಣ್ಣೆ ಬಾವಿಯವೂ ಇವೆ. ಇಲ್ಲೇ ಟೈಟಸ್‌ವಿಲ್‌ನಲ್ಲಿ 1859ರಲ್ಲಿ ಡ್ರೇಕ್ ಅನ್ನುವವರು ಕೊರೆಸಿದ ಬಾವಿಯಿಂದ ಅಮೆರಿಕದ ಎಣ್ಣೆ ಉದ್ಯಮ ಶುರುವಾಯಿತು. ಆ ಕಾಲದ ಬಾವಿಗಳಿಗೆ ಮೊದಲು ಸ್ಟೀಮ್ ಇಂಜಿನ್ ಇತ್ತು. ಬಾವಿಯಿಂದ ಎಣ್ಣೆ ಜೊತೆಗೆ ಗ್ಯಾಸೂ ಬರುತ್ತದಲ್ಲ, ಅದನ್ನೇ ಉರಿಸಬಹುದು ಅಂತ ಹೊಳೆದ ಮೇಲೆ ಸ್ಟೀಮ್ ಇಂಜಿನ್ನಿನ ಹಳೆ ಸಿಲಿಂಡರ್ ತೆಗೆದು ಗ್ಯಾಸ್ ಸಿಲಿಂಡರ್ ಕೂರಿಸಿಬಿಟ್ಟರು. ಚಕ್ರ, ಕಟ್ಟು ಎಲ್ಲಾ ಹಳೆಯದೇ. ಇಂಥ ಮಿಶ್ರ ಇಂಜಿನ್‌ಗಳಿಗೆ ಇಲ್ಲಿ ಹಾಫ್‌ಬ್ರೀಡ್ ಅನ್ನುತ್ತಾರೆ. ಆಯಿಲ್ ಸಿಟಿ ಅನ್ನುವ ಊರಲ್ಲೇ ರೀಡ್ ಅನ್ನುವ ಕಂಪನಿ ಬಾವಿಗಳಿಗೆಂದೇ ಇಂಜಿನ್ ಮಾಡುತ್ತಿತ್ತು.

ನನಗೆ ತುಂಬಾ ಹಿಡಿಸಿದ್ದು ಒಂದೇ ಇಂಜಿನ್ ಹಲವು ಬಾವಿ ಎಳೆಯುವ ರೀತಿ. ಕಾಡಿನ ಮಧ್ಯೆ ಒಂದು ಶೆಡ್. ಇಂಜಿನ್ನಿನಿಂದ ಬೆಲ್ಟು ಹೋಗಿ ಮಲಗಿಸಿಟ್ಟ ಒಂದು ದೊಡ್ಡ ಚಕ್ರವನ್ನು ತಿರುಗಿಸುತ್ತದೆ. ಆ ಚಕ್ರದ ಜೊತೆ ತಿರುಗುವ ಒಂದು ಬಿಲ್ಲೆಯನ್ನು ಬೇಕೆಂದೇ ನಡುವಿನಿಂದ ಪಕ್ಕಕ್ಕೆ ಸರಿಸಿ ಕೂರಿಸಿರುತ್ತಾರೆ. ಅದಕ್ಕೆ ಸುತ್ತಲೂ ಕಬ್ಬಿಣದ ಸರಳು ಕಟ್ಟಿ, ಮರಗಳ ನಡುವೆ ಗುಡ್ಡ ಹತ್ತಿಸಿ ಇಳಿಸಿ ಒಂದೊಂದು ಬಾವಿಗೂ ಒಯ್ದಿದ್ದಾರೆ. ಚಕ್ರ ಸುತ್ತಿದಂತೆ ಸರಳು ಹೋಗಿ ಬರುತ್ತದೆ, ಬಾವಿಯ ಪಂಪ್ ಏರಿ ಇಳಿಯುತ್ತದೆ. ಈ ಕಡೆಯ ಬಾವಿಯ ಭಾರ ಇಳಿಯುವಾಗ ಆ ಕಡೆಯದ್ದು ಏರುತ್ತದೆ, ತಕ್ಕಡಿಯ ಹಾಗೆ. ಅದಕ್ಕೇ ಅಷ್ಟು ಬಾವಿಗೆ ಒಂದು ಇಂಜಿನ್ ಸಾಕಾಗುತ್ತಿತ್ತು. ಅದಕ್ಕೆ ಬೇಕಾದ ಗ್ಯಾಸನ್ನೂ ಆ ಬಾವಿಗಳೇ ಕೊಡುತ್ತಿದ್ದವು.

ಹೊಲದ ಇಂಜಿನ್‌ಗಳಲ್ಲಿ ಹಿಟ್ ಅಂಡ್ ಮಿಸ್ ಅನ್ನುವುದಿದೆ. ವೇಗ ಸಾಕಷ್ಟು ಬಂದರೆ ಗವರ್ನರ್, ಅಂದರೆ ವೇಗ ಹತೋಟಿಯಲ್ಲಿಡುವ ಭಾಗ, ಹೊಗೆ ಹೋಗುವ ವಾಲ್ವನ್ನು ತೆರೆದೇ ಹಿಡಿದುಬಿಡುತ್ತದೆ. ಒಳಗೆ ಹೊಸ ಇಂಧನ ಬರುವುದಿಲ್ಲ, ಚಕ್ರದ ಭಾರಕ್ಕೇ ಓಡುತ್ತದೆ. ನಿಧಾನ ಆದಾಗ ವಾಲ್ವ್ ಬಿಡುತ್ತದೆ, ಒಂದು ಸಲ ಢಂ ಅನ್ನುತ್ತದೆ. ಹಾಗಾಗಿ ಒಂದು ಢಂ, ಆಮೇಲೆ ನಾಲ್ಕೈದು ಸಲ ಬರೀ ಉಸಿರು ಬಿಟ್ಟ ಸದ್ದು, ಮತ್ತೆ ಢಂ. ಅಪ್ಪ ಕಣ್ಣು ಮುಚ್ಚಿ ಅದನ್ನೇ ಎಣಿಸುತ್ತಾ ಕೂತಿದ್ದರು.

ಎರಡನೇ ಮಹಾಯುದ್ಧದ ಕಾಲದಲ್ಲಿ ಇಲ್ಲೂ ಇಂಥವು ರಾಶಿ ರಾಶಿ ಗುಜರಿಗೆ ಹೋಗಿವೆ. ಈಗ ಉಳಿದಿರುವುದರಲ್ಲಿ ಎಷ್ಟೋ ಇಂಜಿನ್, ಗಾಡಿ ಹೋಗದ ಕಾಡಿನಲ್ಲಿ ಇದ್ದದ್ದಕ್ಕೇ ಉಳಿದವು. ನಿಮ್ಮದು ಶೆಡ್ಡಿನಲ್ಲಿದೆ, ನೀವಿದ್ದೀರಿ. ಒಂದು ಕೋರಿಕೆ ಅಷ್ಟೇ. ಬಣ್ಣ ಹೊಡೆಯಬೇಡಿ. ಹಳೆ ಹಸಿರು ಬಣ್ಣ ಉಳಿದಿದ್ದರೆ ಎಣ್ಣೆ ಬಟ್ಟೆಯಲ್ಲಿ ಒರೆಸಿ ಬಿಡಿ. ಮತ್ತೆ ನಿಮ್ಮ ಅಪ್ಪನಿಗೆ ನೆನಪಿರುವುದನ್ನು ಬರೆದಿಡಿ. ಎಲ್ಲಿಂದ ತಂದರು, ಯಾರು ಓಡಿಸುತ್ತಿದ್ದರು, ದಿನಕ್ಕೆ ಎಷ್ಟು ಕಬ್ಬು ಅರೆಯುತ್ತಿತ್ತು, ಎಲ್ಲಾ. ಇಲ್ಲಿನ ಮ್ಯೂಸಿಯಮ್ಮಿನಲ್ಲಿ ಇಂಜಿನ್ ಪಕ್ಕ ಅಂಥ ನಾಲ್ಕು ಸಾಲು ಇದ್ದರೆ ಜನ ಅಲ್ಲೇ ಜಾಸ್ತಿ ಹೊತ್ತು ನಿಲ್ಲುತ್ತಾರೆ.

ಪಾಂಡವಪುರದವ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂರು ವಾರ ಆಯಿತು, ಆಗಿದ್ದನ್ನು ಹೇಳುತ್ತೇನೆ.

ಅಡಿಯಲ್ಲಿ ನೀರು ಬಂತು, ಮೇಸ್ತ್ರಿಗಳು ಹೇಳಿದ ಹಾಗೇ. ಆಮೇಲೆ ಕಪ್ಪು ಹಲ್ವಾ ಥರ ಗಟ್ಟಿ ಆಯಿಲ್. ವಾಲ್ವ್‌ಗಳಲ್ಲಿ ಒಂದು ಹಿಡಿದಿತ್ತು, ಎರಡು ದಿನ ಸೀಮೆಎಣ್ಣೆ ಬಿಟ್ಟ ಮೇಲೆ ಆಡಿತು. ಪಿಸ್ಟನ್ನೂ ಹಿಡಿದಿತ್ತು. ಹೆಡ್ ಬಿಚ್ಚಿ ಡೀಸೆಲ್ ಮಿಶ್ರಣ ಸುರಿದೆ. ಐದು ದಿನ ಒಂದು ಹನಿಯೂ ಇಳಿಯಲಿಲ್ಲ. ಆರನೇ ದಿನ ಬೆಳಗ್ಗೆ ನೋಡಿದರೆ ಅರ್ಧ ಇಳಿದಿತ್ತು. ಹಲಸಿನ ಮರದ ತುಂಡು ಮಾಡಿಸಿ ತಟ್ಟಿದೆವು, ಅಪ್ಪನೇ ಚಕ್ರ ಹಿಡಿದರು. ಮಾರೋಣ ಅಂದವರು ಅವರೇ. ಹನ್ನೊಂದನೇ ದಿನ ಸಂಜೆ, ಬಂತು ಅಂದರು. ನನಗೆ ಏನೂ ಕಾಣಿಸಲಿಲ್ಲ. ಸೀಮೆಸುಣ್ಣದಲ್ಲಿ ಚಕ್ರಕ್ಕೆ ಗೆರೆ ಹಾಕಿ ನೋಡಿದರೆ ನಿಜವಾಗಿಯೂ ಕಾಲು ಇಂಚು ಹಂದಿತ್ತು. ಮಾರನೇ ದಿನ ಪೂರ್ತಿ ಸುತ್ತು ಬಂತು.

ಬೋರಿನಲ್ಲಿ ಒಂದು ಕಡೆ ತುಕ್ಕಿನ ಉಂಗುರ ಇದೆ, ಉಗುರಿಗೆ ಅಷ್ಟೇನೂ ತಗಲುವುದಿಲ್ಲ. ರಿಂಗ್ ಹೊಸದು ತರಿಸಿದೆ. ಡೀಸೆಲ್ ಪೈಪಿನ ಏರ್ ತೆಗೆದೆ. ಈಗ ಚಕ್ರ ನಿಧಾನಕ್ಕೆ ತಿರುಗಿಸಿದರೆ ಇಂಜೆಕ್ಟರ್ ಕಡೆಯಿಂದ ಕಿರ್ರ್ ಅಂತ ಚಿಕ್ಕ ಸದ್ದು ಬರುತ್ತದೆ. ಅದು ಒಳ್ಳೆಯದಾ ಕೆಟ್ಟದ್ದಾ? ಭಾನುವಾರ ಸ್ಟಾರ್ಟ್ ಮಾಡೋಣ ಅಂತಿದ್ದೇವೆ.

ಇಂಜಿನ್ ಮೇಸ್ತ್ರಿ, ರಾಣೆಬೆನ್ನೂರು

ಒಳ್ಳೆಯದು, ಬಹಳ ಒಳ್ಳೆಯದು! ನಾಜಲ್ ಡೀಸೆಲ್ಲನ್ನು ಮಂಜಿನ ಹಾಗೆ ಒಡೆಯುತ್ತಿದೆ ಅಂತ ಆ ಸದ್ದಿನ ಅರ್ಥ. ಅದು ಬಾರದಿದ್ದರೆ ನಾಜಲ್ ಬಿಚ್ಚಿಸಬೇಕಿತ್ತು.

ಭಾನುವಾರಕ್ಕೆ ಮೊದಲು ಮೂರು ಮಾತು. ಪಿಸ್ಟನ್ ಮೇಲೆ ಸುರಿದ ಎಣ್ಣೆ ಒಳಗೆ ಉಳಿದಿದ್ದರೆ ಇಂಜಿನ್ ಅದನ್ನೇ ಕುಡಿದು ಕೈಮೀರಿ ಓಡಬಹುದು, ಆಗ ಡೀಸೆಲ್ ಬಂದ್ ಮಾಡಿದರೂ ನಿಲ್ಲುವುದಿಲ್ಲ. ಆದ್ದರಿಂದ ಡೀಸೆಲ್ ಬಂದ್ ಇಟ್ಟು, ವಾಲ್ವ್ ಎತ್ತಿ ಹಿಡಿದು, ಕೈಯಲ್ಲಿ ಐವತ್ತು ಸುತ್ತು ಸುತ್ತಿಸಿ ಎಲ್ಲಾ ಹೊರಗೆ ಹಾಕಿಸು. ಗಾಳಿ ಎಳೆಯುವ ಬಾಯಿಗೆ ಸರಿಯಾಗಿ ಕೂರುವ ಒಂದು ಹಲಗೆ ಪಕ್ಕದಲ್ಲೇ ಇರಲಿ. ಕೈ ಅಡ್ಡ ಕೊಡಬೇಡ, ಹಲಗೆ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಕಡೆಗೇ ಇರಲಿ, ಸುತ್ತ ಹಾಕಬೇಡ. ತಿರುಗಿ ಹೊಡೆದರೆ ಬೆರಳು ಮುರಿಯುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಚಕ್ರದ ನಡುವೆ, ಅದನ್ನು ಶಾಫ್ಟಿಗೆ ಬಿಗಿಯುವ ತಲೆ ಇರುವ ಬೆಣೆ, ಅದೇ ಕೀಲಿ, ಹೊಡೆದಿರುತ್ತದೆ ನೋಡು. ಎರಡೂ ಕಡೆ ಅದು ಬಿಗಿ ಇದೆಯಾ? ಶಾಫ್ಟಿನ ಮೇಲೆ ಚಕ್ರ ಸ್ವಲ್ಪವಾದರೂ ಆಡುತ್ತದೆಯಾ? ಅಷ್ಟು ತೂಕದ ಚಕ್ರ ಸಡಿಲ ಆದರೆ ಅದನ್ನು ತಡೆಯುವವರಿಲ್ಲ. ಚಕ್ರದ ಕೋಲುಗಳಲ್ಲಿ ಎಲ್ಲಾದರೂ ಸೀಳು ಇದೆಯಾ, ಅದನ್ನೂ ನೋಡು. ಮತ್ತೆ ಆ ಕೀಲಿಯ ತಲೆ ಹೊರಗೆ ಚಾಚಿರುತ್ತದೆ. ಪಂಚೆ, ಟವೆಲ್ ಹಾಕಿಕೊಂಡು ಯಾರೂ ಹತ್ತಿರ ನಿಲ್ಲಬಾರದು. ಒಬ್ಬರ ಪಂಚೆ ಅದಕ್ಕೆ ಸಿಕ್ಕಿದ್ದನ್ನು ಕಣ್ಣಾರೆ ನೋಡಿದ್ದೇನೆ. ಬದುಕಿದರು, ಕಾಲು ಮಾತ್ರ ಸರಿ ಹೋಗಲಿಲ್ಲ.

ಪಾಂಡವಪುರದವ

ಮೇಸ್ತ್ರಿಗಳೇ, ಈಗಷ್ಟೇ ಶೆಡ್ಡಿಗೆ ಹೋಗಿ ನೋಡಿ ಬಂದೆ. ಕೋಲುಗಳೆಲ್ಲಾ ಚೆನ್ನಾಗಿವೆ. ಬೆಲ್ಟಿನ ಕಡೆಯ ಚಕ್ರ ಗಟ್ಟಿ ಇದೆ. ಆ ಕಡೆಯದ್ದು ಹಿಡಿದು ಅಲುಗಿಸಿದರೆ ಟಕ್ ಅನ್ನುತ್ತದೆ. ಕೀಲಿ ಸುತ್ತ ಕೆಂಪು ಪುಡಿ ಬಿದ್ದಿದೆ.

ಇಂಜಿನ್ ಮೇಸ್ತ್ರಿ, ರಾಣೆಬೆನ್ನೂರು

ಹಾಗಾದರೆ ಭಾನುವಾರ ಬೇಡ. ಕೆಂಪು ಪುಡಿ ಅಂದರೆ ಕೀಲಿ ಒಳಗೆ ತಿಕ್ಕಾಡಿದೆ. ಹಳೆಯದನ್ನೇ ಇನ್ನೂ ಎರಡು ಏಟು ಹೊಡೆದು ಕೂರಿಸೋಣ ಅಂತ ಯಾರಾದರೂ ಹೇಳುತ್ತಾರೆ, ಕೇಳಬೇಡ. ತೆಗೆಸಿ, ಕೀಲಿ ಕೂರುವ ತೋಡು ನೋಡಿ ಹೊಸದು ಮಾಡಿಸಬೇಕು. ಮಂಡ್ಯದಲ್ಲಿ ಒಳ್ಳೆಯ ಲೇತ್ ಅಂಗಡಿಗಳಿವೆ. ಇಳಿಜಾರು ನೂರಕ್ಕೆ ಒಂದು ಅಂತ ಹೇಳು, ಅವರಿಗೆ ಗೊತ್ತಾಗುತ್ತದೆ. ಕೀಲಿಗೆ ನೀಲಿ ಬಳಿದು ಒಳಗೆ ಹಾಕಿ ತೆಗೆದು ನೋಡಬೇಕು, ಉದ್ದಕ್ಕೂ ಒಂದೇ ಸಮ ಗುರುತು ಬೀಳುವವರೆಗೆ ಅರ ಹಾಕುತ್ತಾ ಇರಬೇಕು. ಬರೀ ತುದಿಯಲ್ಲಿ ಗುರುತು ಬಿದ್ದರೆ ಕೂತಿಲ್ಲ ಅಂತ ಅರ್ಥ. ಹಳೆ ಕೀಲಿ ಬಿಸಾಕಬೇಡ. ಅದರ ಅಗಲ, ಎರಡೂ ತುದಿಯ ದಪ್ಪ ಅಳೆದು ಒಂದು ಫೋಟೋ ಇಲ್ಲಿ ಹಾಕು, ನೋಡಿ ಹೇಳುತ್ತೇನೆ.